ಇಂಕ್‌ಜೆಟ್ ಮುದ್ರಣದಲ್ಲಿ ಕಪ್ಪು-ಬಿಳುಪು ಛಾಯಾಚಿತ್ರ: ವರ್ಣದೋಷಗಳ ನಿದಾನ

ಕಪ್ಪು-ಬಿಳುಪು ಛಾಯಾಚಿತ್ರವೆಂದರೆ ಬಣ್ಣವಿಲ್ಲದ ಚಿತ್ರವೆಂಬುದು ಸಾಮಾನ್ಯವಾದ ತಿಳಿವಳಿಕೆ. ಕತ್ತಲೆಕೋಣೆಯಲ್ಲಿ ಬೆಳ್ಳಿಯ ಲವಣಗಳನ್ನು ಲೇಪಿಸಿದ ಕಾಗದದ ಮೇಲೆ ಮೂಡಿಸುವ ಚಿತ್ರದ ಮಟ್ಟಿಗೆ ಇದು ಬಹುಪಾಲು ಸರಿಯಾದುದೇ. ಅಲ್ಲಿ ಕಪ್ಪೂ ಬೂದೂ ಒಂದೇ ವಸ್ತುವಿನ, ಎಂದರೆ ಬೆಳ್ಳಿಯ ಸೂಕ್ಷ್ಮಕಣಗಳ, ಹೆಚ್ಚುಕಡಮೆ ದಟ್ಟಣೆಯಿಂದ ಹುಟ್ಟತಕ್ಕವು. ಅಚ್ಚುಕೂಟದಲ್ಲಿ ಒಂದೇ ಕಪ್ಪು ಮಸಿಯಿಂದ ಮುದ್ರಿತವಾಗುವ ಚಿತ್ರವೂ ಹಾಗೆಯೇ. ಆದರೆ ಇಂದು ಕಾಲೇಜುಗಳಲ್ಲಿಯೂ ಮನೆಗಳಲ್ಲಿಯೂ ಬಳಕೆಯಲ್ಲಿರುವ ಇಂಕ್‌ಜೆಟ್ ಯಂತ್ರದ ಸಂಗತಿ ಬೇರೆ. ಅದನ್ನು ಅದರ ಪಾಡಿಗೆ ಬಿಟ್ಟರೆ, ನಾವು ಕೊಟ್ಟ ಬೂದು ಚಿತ್ರವನ್ನು ಅದು ಸಯಾನ್, ಮಜೆಂಟಾ, ಹಳದಿ ಎಂಬ ಮೂರು ಬಣ್ಣದ ಶಾಯಿಗಳನ್ನು ಬೆರಸಿ ಮುದ್ರಿಸುತ್ತದೆ. ಕಪ್ಪು ಶಾಯಿಯನ್ನು ಬಹುಮಟ್ಟಿಗೆ ಗಾಢವಾದ ನೆರಳುಗಳಿಗೆ ಮಾತ್ರ ಮೀಸಲಿಡುತ್ತದೆ. ನಮ್ಮ ಕಣ್ಣಿಗೆ ಬೂದಾಗಿ ಕಾಣುವುದು, ಮೂರು ಬಣ್ಣಗಳು ತಕ್ಕಡಿಯ ತೂಕ ತಪ್ಪದೆ ನಿಂತಿರುವುದರ ಫಲ. ತೂಕ ಎಳ್ಳಷ್ಟು ತಪ್ಪಿದರೂ ಬೂದಿನಲ್ಲಿ ಹಸುರೋ ಕೆಂಪೋ ನೀಲಿಯೋ ಇಣಿಕಿನೋಡುತ್ತದೆ.

ಯಂತ್ರವನ್ನು ರೂಪಿಸಿದವರು ಹೀಗೇಕೆ ಮಾಡಿದರೆಂದು ಕೇಳಬಹುದು. ಅದಕ್ಕೆ ಕಾರಣವುಂಟು. ಶಾಯಿಯ ಒಂದು ಹನಿಯ ಗಾತ್ರ ಕೆಲವೇ ಪಿಕೋಲೀಟರುಗಳಷ್ಟು. ಒಂದು ಲೀಟರಿನ ಲಕ್ಷಕೋಟಿ ಭಾಗಗಳಲ್ಲಿ ಒಂದು ಭಾಗವೇ ಪಿಕೋಲೀಟರು. ಇಷ್ಟು ಚಿಕ್ಕದಾದರೂ, ತಿಳಿಯಾದ ಆಕಾಶವನ್ನೋ ಮುಖದ ಬೆಳಕಿನ ಭಾಗವನ್ನೋ ಕಡುಗಪ್ಪು ಹನಿಗಳನ್ನೇ ವಿರಳವಾಗಿ ಚಿಮ್ಮಿಸಿ ಮೂಡಿಸಹೊರಟರೆ, ಬಿಳಿಯ ಬಟ್ಟೆಯ ಮೇಲೆ ಕರಿಎಳ್ಳು ಚೆಲ್ಲಿದಂತೆ ಚುಕ್ಕೆಗಳು ಎದ್ದುಕಾಣುವುವು. ಬಣ್ಣದ ಶಾಯಿಗಳು, ಅದರಲ್ಲಿಯೂ ತೆಳುಮಾಡಿದ ಬಣ್ಣದ ಶಾಯಿಗಳು, ಕಪ್ಪಿಗಿಂತ ನಸುವಾದುದರಿಂದ ಅವುಗಳ ಚುಕ್ಕೆ ಕಣ್ಣಿಗೆ ಬೀಳುವುದಿಲ್ಲ. ನುಣುಪನ್ನು ಪಡೆಯುವುದಕ್ಕಾಗಿ ತಟಸ್ಥತೆಯನ್ನು ಪಣಕ್ಕೆ ಒಡ್ಡಿದಂತಾಯಿತು.

ಬಣ್ಣದ ಚಿತ್ರದಲ್ಲಿ ಈ ಪಣ ಅಷ್ಟಾಗಿ ಬಾಧಿಸದು. ಸೀರೆಯ ಕೆಂಪು ತುಸು ಕಿತ್ತಳೆಯ ಕಡೆಗೆ ವಾಲಿದರೆ, ಮೂಲ ಸೀರೆಯನ್ನು ಪಕ್ಕದಲ್ಲಿಟ್ಟು ನೋಡಿದ ಹೊರತು ಯಾರಿಗೂ ತಿಳಿಯುವಂತಿಲ್ಲ. ಬೂದಿನಲ್ಲಾದರೋ ಮೂಲ ನಮ್ಮ ಕಣ್ಣಿನೊಳಗೇ ಇದೆ. ಬಣ್ಣವಿಲ್ಲದಿರುವುದು ಹೇಗಿರುತ್ತದೆಂಬುದನ್ನು ಕಣ್ಣು ಬಲ್ಲದು. ಅಲ್ಲದೆ ಚಿತ್ರದ ಸುತ್ತಲಿನ ಬಿಳಿಯ ಅಂಚು ಸದಾ ಎದುರಿಗೆ ನಿಂತ ಸಾಕ್ಷಿ. ಅಂತರರಾಷ್ಟ್ರೀಯ ಪ್ರಕಾಶ ಆಯೋಗವು ೧೯೭೬ರಲ್ಲಿ ಅಂಗೀಕರಿಸಿದ ಎಲ್-ಎ-ಬಿ ಮಾನದಲ್ಲಿ ಹೇಳುವುದಾದರೆ, 'ಎಲ್' ಹೊಳಪನ್ನೂ, 'ಎ' ಹಸುರು-ಮಜೆಂಟಾಗಳ ನಡುವಣ ಓಲಾಟವನ್ನೂ, 'ಬಿ' ನೀಲಿ-ಹಳದಿಗಳ ನಡುವಣ ಓಲಾಟವನ್ನೂ ಸೂಚಿಸುತ್ತವೆ. ಶುದ್ಧ ಬೂದಿನಲ್ಲಿ ಎ, ಬಿ ಎರಡೂ ಸೊನ್ನೆ. ದಟ್ಟವಾದ ಕೆಂಪಿನಲ್ಲಿ ಎರಡು ಮೂರು ಅಂಶಗಳ ವ್ಯತ್ಯಾಸ ಗಮನಕ್ಕೆ ಬಾರದೆ ಹೋಗಬಹುದು; ಬೂದಿನಲ್ಲಿ ಅಷ್ಟೇ ವ್ಯತ್ಯಾಸ ಕೋಣೆಯ ಆಚೆಯಿಂದ ನೋಡುವವನಿಗೂ ಕಾಣಬಹುದು.

ಇದು ಕೇವಲ ಅಂದಚೆಂದದ ಪ್ರಶ್ನೆಯಲ್ಲ. ವೀರಗಲ್ಲುಗಳ ಛಾಯಾಚಿತ್ರ, ಶಾಸನಗಳ ಮಸಿಯಚ್ಚು, ಹಳೆಯ ಕುಟುಂಬಚಿತ್ರಗಳ ಪ್ರತಿ ಮುಂತಾದುವನ್ನು ಸಂಶೋಧನ ಪ್ರಬಂಧಗಳಿಗಾಗಿ ನಮ್ಮ ವಿದ್ಯಾರ್ಥಿಗಳು ಈ ಯಂತ್ರಗಳಲ್ಲಿಯೇ ಮುದ್ರಿಸಿಕೊಳ್ಳುತ್ತಾರೆ. ಹಳೆಯ ಛಾಯಾಚಿತ್ರದಲ್ಲಿ ಛಾಯೆಯೇ ಒಂದು ಪ್ರಮಾಣ. ೧೮೫೦ರಲ್ಲಿ ಬ್ಲಾಂಕಾರ್-ಎವ್ರಾರ್ ಪ್ರಕಟಪಡಿಸಿದ ಆಲ್ಬ್ಯುಮೆನ್ ಕಾಗದದ, ಎಂದರೆ ಮೊಟ್ಟೆಯ ಲೋಳೆ ಲೇಪಿಸಿದ ಕಾಗದದ, ಚಿತ್ರಗಳಿಗೆ ಊದಾಗಂದು ಬಣ್ಣ ಸಹಜ. ಮುಂದೆ ಬಂದ ಬ್ರೋಮೈಡ್ ಕಾಗದದ ಚಿತ್ರಗಳದು ತಣ್ಣನೆಯ ಕಪ್ಪು. ಛಾಯೆಯನ್ನು ನೋಡಿ ಚಿತ್ರದ ಕಾಲವನ್ನು ಊಹಿಸುವ ಅಭ್ಯಾಸ ಇತಿಹಾಸಕಾರರಲ್ಲುಂಟು. ಹೀಗಿರುವಾಗ ಯಂತ್ರದ ಎಡವಟ್ಟಿನಿಂದ ಬಂದ ಕಂದನ್ನು ಮೂಲದ್ದೆಂದು ಓದುಗನು ನಂಬಿದರೆ, ಪ್ರಬಂಧದಲ್ಲಿ ಸುಳ್ಳು ಪ್ರಮಾಣವೊಂದು ಸೇರಿದಂತಾಗುತ್ತದೆ. ಒಂದೇ ಕಲ್ಲಿನ ಎರಡು ಚಿತ್ರಗಳಲ್ಲಿ ಒಂದು ಹಸುರಾಗಿ ಇನ್ನೊಂದು ಕೆಂಪಾಗಿ ಬಂದರೆ, ಅವು ಎರಡು ಬಗೆಯ ಶಿಲೆಗಳೆಂದು ಪರೀಕ್ಷಕರು ಕೇಳಿದರೂ ಆಶ್ಚರ್ಯವಿಲ್ಲ.

ಇಂತಹ ದೋಷ ಕಂಡೊಡನೆ ಬಹುಮಂದಿ ಮಾಡುವ ಕೆಲಸವೆಂದರೆ ಚಿತ್ರವನ್ನೇ ತಿದ್ದುವುದು. ಹಸುರು ಕಂಡರೆ ಚಿತ್ರಕ್ಕೆ ಮಜೆಂಟಾ ಸೇರಿಸುವುದು, ಮತ್ತೆ ಮುದ್ರಿಸುವುದು, ಹೆಚ್ಚಾಯಿತೆಂದು ಕಡಮೆಮಾಡುವುದು. ಜ್ವರ ಬಂದವನ ನಾಡಿಯನ್ನು ಹಿಡಿಯದೆ ಕಷಾಯಗಳನ್ನು ಒಂದರ ಮೇಲೊಂದು ಕುಡಿಸಿದಂತೆ ಇದು. ಅದೃಷ್ಟವಶಾತ್ ಒಂದು ಹಾಳೆ ಸರಿಬಂದರೂ ಆ ತಿದ್ದುಪಡಿ ಆ ಒಂದು ಕಾಗದಕ್ಕೆ, ಆ ಒಂದು ದೀಪಕ್ಕೆ ಮಾತ್ರ ಸಲ್ಲುತ್ತದೆ. ಮೂಲ ಚಿತ್ರವಂತೂ ಕೆಟ್ಟಿರುತ್ತದೆ. ದೋಷದ ಸ್ವರೂಪವೇ ದೋಷದ ಸ್ಥಾನವನ್ನು ಹೇಳುತ್ತದೆಂಬುದು ಈ ಲೇಖನದ ಮುಖ್ಯವಾದ ಮಾತು. ಎಲ್ಲ ಕಡೆಯೂ ಒಂದೇ ಸಮನಾಗಿ ಹರಡಿರುವ ಛಾಯೆಗೆ ಒಂದು ಮೂಲ. ಬೆಳಕಿನ ಭಾಗದಲ್ಲೊಂದು, ನೆರಳಿನ ಭಾಗದಲ್ಲೊಂದು ಬಣ್ಣ ತೋರುವ ಛಾಯೆಗೆ ಮತ್ತೊಂದು ಮೂಲ. ಕಿಟಕಿಯ ಬಳಿ ಕಂಡು ದೀಪದಡಿ ಮಾಯವಾಗುವ ಛಾಯೆಗೆ ಬೇರೆಯೇ ಮೂಲ. ಇವನ್ನು ಬೇರ್ಪಡಿಸಿ ನೋಡಲು ಕಲಿತರೆ ಅರ್ಧ ಚಿಕಿತ್ಸೆ ಮುಗಿದಂತೆಯೇ.

ಹಾಗೆ ನೋಡಲು ಛಾಯಾಚಿತ್ರ ತಕ್ಕ ಸಾಧನವಲ್ಲ. ಅದರೊಳಗಿನ ಮುಖ, ಮರ, ಗುಡಿಗಳು ಮನಸ್ಸನ್ನು ಸೆಳೆದುಬಿಡುತ್ತವೆ. ಬಿಳುಪಿನಿಂದ ಕಪ್ಪಿನವರೆಗೆ ನೂರಕ್ಕೆ ಐದರಂತೆ ಏರುವ ೨೧ ಮನೆಗಳ ಒಂದು ಬೂದುಪಟ್ಟಿಯನ್ನು ಮಾಡಿಕೊಳ್ಳಬೇಕು. ಪ್ರತಿಯೊಂದು ಮನೆಯಲ್ಲಿಯೂ ಕೆಂಪು, ಹಸುರು, ನೀಲಿ ಈ ಮೂರರ ಸಂಖ್ಯೆಗಳೂ ಒಂದೇ ಆಗಿರತಕ್ಕದ್ದು. ಇದನ್ನು ನಾವು ಬಳಸುವ ಕಾಗದದ ಮೇಲೆಯೇ, ಬಳಸುವ ಕ್ರಮದಲ್ಲಿಯೇ ಮುದ್ರಿಸಿ, ಒಂದು ದಿನ ಒಣಗಲು ಬಿಟ್ಟು, ನೇರವಾದ ಬಿಸಿಲು ಬೀಳದ ಕಿಟಕಿಯ ಬಳಿ ಹಗಲು ಬೆಳಕಿನಲ್ಲಿ ನೋಡಬೇಕು. ಅನಂತರ ದೀಪದ ಕೆಳಗೆ ನೋಡಬೇಕು. ಬಣ್ಣವನ್ನು ಅಳೆಯುವ ರೋಹಿತಮಾಪಕ ಇಲಾಖೆಯಲ್ಲಿದ್ದರೆ ಮನೆಮನೆಯ ಎ, ಬಿ ಅಂಕಗಳನ್ನು ಬರೆದಿಡಬಹುದು. ಇಲ್ಲವಾದರೂ ಚಿಂತೆಯಿಲ್ಲ, ಈ ಕೆಲಸದ ಬಹುಭಾಗಕ್ಕೆ ಬರಿಗಣ್ಣೇ ಸಾಕು.

ಫಲವನ್ನು ಓದುವುದಕ್ಕೆ ಮೊದಲು ವರ್ಣನಿರ್ವಹಣೆಯೆಂದರೇನೆಂಬುದನ್ನು ಸ್ವಲ್ಪ ವಿಚಾರಿಸಬೇಕು. ಗಣಕದಲ್ಲಿರುವ ಚಿತ್ರ ಬಣ್ಣಗಳ ರಾಶಿಯಲ್ಲ, ಸಂಖ್ಯೆಗಳ ರಾಶಿ. ಒಂದೇ ಸಂಖ್ಯೆ ಒಂದು ಪರದೆಯಲ್ಲಿ ಒಂದು ಬಗೆಯಾಗಿ, ಮತ್ತೊಂದರಲ್ಲಿ ಮತ್ತೊಂದು ಬಗೆಯಾಗಿ ಕಾಣುತ್ತದೆ. ಕಾಗದದ ಮೇಲಂತೂ ಶಾಯಿಗೆ ತಕ್ಕಂತೆ, ಕಾಗದಕ್ಕೆ ತಕ್ಕಂತೆ ಬದಲಾಗುತ್ತದೆ. ಈ ಗೊಂದಲವನ್ನು ಪರಿಹರಿಸಲು ೧೯೯೩ರಲ್ಲಿ ಕೆಲವು ಉದ್ಯಮಸಂಸ್ಥೆಗಳು ಕೂಡಿ ಅಂತರರಾಷ್ಟ್ರೀಯ ವರ್ಣ ಒಕ್ಕೂಟವನ್ನು, ಎಂದರೆ ಐ.ಸಿ.ಸಿ.ಯನ್ನು, ಸ್ಥಾಪಿಸಿದುವು. ಅದು ರೂಢಿಗೆ ತಂದ ಕ್ರಮದಲ್ಲಿ ಪ್ರತಿಯೊಂದು ಸಾಧನಕ್ಕೂ ಒಂದು ಪ್ರೊಫೈಲ್ ಇರುತ್ತದೆ. 'ಈ ಸಂಖ್ಯೆಯನ್ನು ನನಗೆ ಕೊಟ್ಟರೆ ನಾನು ತೋರಿಸುವ ಬಣ್ಣ ಇಂಥದು' ಎಂದು ಸಾಧನದ ಪರವಾಗಿ ಬರೆದುಕೊಟ್ಟ ನಿಘಂಟಿನಂತೆ ಅದು. ಚಿತ್ರದ ಸಂಖ್ಯೆಯನ್ನು ಮೊದಲು ಎಲ್ಲರಿಗೂ ಸಮಾನವಾದ ಒಂದು ವರ್ಣಭಾಷೆಗೆ ತಿರುಗಿಸಿ, ಅಲ್ಲಿಂದ ಪ್ರಿಂಟರಿನ ಭಾಷೆಗೆ ತಿರುಗಿಸುವುದೇ ವರ್ಣನಿರ್ವಹಣೆ. ಪ್ರಿಂಟರಿನ ನಿಘಂಟು ಒಂದು ಯಂತ್ರ, ಒಂದು ಬಗೆಯ ಶಾಯಿ, ಒಂದು ಕಾಗದ ಈ ಮೂರರ ಜೊತೆಗೆ ಮಾತ್ರ ಅನ್ವಯಿಸುವುದು. ಮೂರರಲ್ಲಿ ಒಂದು ಬದಲಾದರೂ ಅದು ಬೇರೆ ಭಾಷೆಯ ನಿಘಂಟಾಗಿಬಿಡುತ್ತದೆ.

ಇನ್ನು ಪಟ್ಟಿಯನ್ನು ಓದೋಣ. ೨೧ ಮನೆಗಳಲ್ಲಿಯೂ, ತೀರ ಬಿಳಿ ಮತ್ತು ತೀರ ಕಪ್ಪನ್ನು ಬಿಟ್ಟು, ಒಂದೇ ಬಣ್ಣದ ಛಾಯೆ ದಟ್ಟವಾಗಿ ಕಂಡರೆ ಅನುವಾದದ ಕೆಲಸದಲ್ಲಿಯೇ ತಪ್ಪಾಗಿದೆಯೆಂದು ತಿಳಿಯಬಹುದು. ಅನುವಾದ ಮಾಡಬಲ್ಲವರು ಇಬ್ಬರು: ಚಿತ್ರವನ್ನು ತಿದ್ದುವ ತಂತ್ರಾಂಶ ಒಂದು, ಪ್ರಿಂಟರಿನ ಡ್ರೈವರ್ ಇನ್ನೊಂದು. ಇಬ್ಬರಲ್ಲಿ ಒಬ್ಬರೇ ಆ ಕೆಲಸ ಮಾಡಬೇಕು. ಅಡುಗೆಮನೆಯಲ್ಲಿ ಇಬ್ಬರು ಒಬ್ಬರಿಗೊಬ್ಬರು ಹೇಳದೆ ಸಾರಿಗೆ ಉಪ್ಪು ಹಾಕಿದಂತೆ, ತಂತ್ರಾಂಶವು ಪ್ರೊಫೈಲಿನ ಮೂಲಕ ಬದಲಿಸಿದ ಸಂಖ್ಯೆಗಳನ್ನು ಡ್ರೈವರ್ ಮತ್ತೊಮ್ಮೆ ಬದಲಿಸಿದರೆ, ಚಿತ್ರ ಅನೇಕ ವೇಳೆ ಮಜೆಂಟಾದ ಕಡೆಗೆ ವಾಲಿ ಮೊಬ್ಬಾಗುತ್ತದೆ. ಇಬ್ಬರೂ ಕೈಹಾಕದಿದ್ದರೆ ಸಾರು ಸಪ್ಪೆ: ಆಗಲೂ ಬೂದು ತಪ್ಪುತ್ತದೆ, ಬೇರೆ ದಿಕ್ಕಿಗೆ. ಆದಕಾರಣ ತಂತ್ರಾಂಶದಲ್ಲಿ 'ಬಣ್ಣವನ್ನು ತಂತ್ರಾಂಶವೇ ನೋಡಿಕೊಳ್ಳಲಿ' ಎಂದು ಆರಿಸಿದಾಗ ಡ್ರೈವರಿನಲ್ಲಿ ಬಣ್ಣದ ಹೊಂದಾಣಿಕೆಯನ್ನು ಸಂಪೂರ್ಣವಾಗಿ ಆರಿಸಿರಬೇಕು. 'ಪ್ರಿಂಟರ್ ನೋಡಿಕೊಳ್ಳಲಿ' ಎಂದು ಬಿಟ್ಟಾಗ ಡ್ರೈವರಿನದನ್ನು ಉರಿಸಿರಬೇಕು. ಇಷ್ಟು ಸರಳವಾದ ಮಾತು ಇಷ್ಟೊಂದು ಜನರನ್ನು ಕಾಡುವುದೇಕೆಂದರೆ, ಎರಡು ಗುಂಡಿಗಳು ಎರಡು ಬೇರೆ ಕಿಟಕಿಗಳಲ್ಲಿ ಅಡಗಿವೆ. ಡ್ರೈವರನ್ನು ಹೊಸದಾಗಿ ಹಾಕಿದಾಗ ಅಥವಾ ಗಣಕದ ಕಾರ್ಯವ್ಯವಸ್ಥೆ ಬದಲಾದಾಗ ಅವು ಸದ್ದಿಲ್ಲದೆ ಹಳೆಯ ಸ್ಥಿತಿಗೆ ಮರಳುವುದೂ ಉಂಟು. ನಿನ್ನೆಯವರೆಗೆ ಸರಿಯಾಗಿದ್ದುದು ಇಂದು ಕೆಟ್ಟಿತೆಂದರೆ ಮೊದಲು ಸಂಶಯಿಸಬೇಕಾದುದು ಇದನ್ನೇ.

ಇಲ್ಲಿ ಒಂದು ಉಪಕಥೆಯನ್ನು ಹೇಳಬಹುದು. ಪ್ರೊಫೈಲನ್ನು ತಯಾರಿಸಬೇಕಾದವನು ತನ್ನ ಪರೀಕ್ಷಾಚೌಕಗಳನ್ನು ಯಾವ ಅನುವಾದವೂ ಇಲ್ಲದೆ, ಸಂಖ್ಯೆಗಳು ಇದ್ದಂತೆಯೇ ಮುದ್ರಿಸಬೇಕಾಗುತ್ತದೆ. ಅಡೋಬಿ ಸಂಸ್ಥೆಯ ಫೋಟೋಶಾಪ್ ತಂತ್ರಾಂಶದಲ್ಲಿ ಇದಕ್ಕೆಂದೇ ಒಂದು ಆಯ್ಕೆಯಿತ್ತು. ೨೦೧೦ರಲ್ಲಿ ಬಂದ ಸಿ.ಎಸ್. ೫ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದರು. ಅದಕ್ಕೆ ಬದಲಾಗಿ ಪ್ರತ್ಯೇಕವಾದ ಚಿಕ್ಕ ಉಪಕರಣವೊಂದನ್ನು ಅದೇ ಸಂಸ್ಥೆ ಕೊಡಬೇಕಾಗಿ ಬಂತು. ಇದನ್ನರಿಯದೆ ಸಾಮಾನ್ಯ ಮಾರ್ಗದಿಂದ ಚೌಕಗಳನ್ನು ಮುದ್ರಿಸಿ ಅಳೆದು ಕಟ್ಟಿದ ಪ್ರೊಫೈಲ್ ಹುಟ್ಟಿನಿಂದಲೇ ಕುರುಡು. ಅಂತಹ ಪ್ರೊಫೈಲಿನಿಂದ ಬೂದನ್ನು ನಿರೀಕ್ಷಿಸುವುದು ವ್ಯರ್ಥ.

ಛಾಯೆ ಎಲ್ಲೆಡೆಯೂ ಒಂದೇ ಆಗಿರದೆ, ತಿಳಿಯಾದ ಮನೆಗಳಲ್ಲಿ ನಸುಗೆಂಪಾಗಿ, ನಡುವೆ ಸರಿಯಾಗಿ, ಗಾಢವಾದ ಮನೆಗಳಲ್ಲಿ ಹಸುರಾಗಿ ತಿರುಗುತ್ತಿದ್ದರೆ ನಿದಾನ ಬೇರೆ. ಅನುವಾದ ಒಂದೇ ಬಾರಿ ನಡೆದಿದೆ, ಆದರೆ ನಿಘಂಟು ಈ ಯಂತ್ರದ ಇಂದಿನ ಸ್ಥಿತಿಗೆ ಹೊಂದುತ್ತಿಲ್ಲವೆಂದು ಅರ್ಥ. ಇದಕ್ಕೆ ಮೂರು ನಾಲ್ಕು ಕಾರಣಗಳುಂಟು. ಮೊದಲನೆಯದೂ ಅತ್ಯಂತ ಅಗ್ಗವಾಗಿ ಪರಿಹಾರವಾಗುವುದೂ ಮುಚ್ಚಿಹೋದ ರಂಧ್ರಗಳು. ಬೇಸಗೆಯ ರಜೆಯಲ್ಲಿ ಆರು ವಾರ ಸುಮ್ಮನೆ ಬಿಟ್ಟ ಯಂತ್ರದ ಹೆಡ್ಡಿನಲ್ಲಿ ಶಾಯಿ ಒಣಗಿ ಕೆಲವು ರಂಧ್ರಗಳು ಕಟ್ಟಿಕೊಂಡಿರುತ್ತವೆ. ಬಣ್ಣದ ಚಿತ್ರದಲ್ಲಿ ಅದು ಗೊತ್ತಾಗದಿರಬಹುದು. ಬೂದಿನಲ್ಲಿ ಮೂರು ಕಾಲಿನ ಮಣೆಯ ಒಂದು ಕಾಲು ಗಿಡ್ಡವಾದಂತೆ. ಡ್ರೈವರಿನಲ್ಲಿರುವ ರಂಧ್ರಪರೀಕ್ಷೆಯ ಜಾಲರಿಯನ್ನು ಸಾಧಾರಣ ಕಾಗದದ ಮೇಲೆ ಮುದ್ರಿಸಿ, ಗೆರೆಗಳು ಎಲ್ಲಿಯೂ ತುಂಡಾಗಿಲ್ಲವೆಂದು ಕಂಡ ಮೇಲೆಯೇ ಮುಂದಿನ ಮಾತು. ಬೆಲೆಬಾಳುವ ಕಾಗದದ ಹತ್ತು ಹಾಳೆ ಕಳೆದ ಮೇಲೆ ಈ ಪರೀಕ್ಷೆ ಮಾಡುವವರೇ ಹೆಚ್ಚು. ಕ್ರಮ ಅದಕ್ಕೆ ವಿಪರ್ಯಾಯವಾಗಬೇಕು.

ಎರಡನೆಯದು ಕಾಗದದ ಆಯ್ಕೆ. ಡ್ರೈವರಿನಲ್ಲಿ ಕಾಗದದ ಹೆಸರನ್ನು ಆರಿಸುವುದು ಬರಿಯ ಔಪಚಾರಿಕ ವಿಧಿಯಲ್ಲ. ಎಷ್ಟು ಶಾಯಿ ಸುರಿಸಬೇಕು, ಯಾವ ಕಪ್ಪನ್ನು ಬಳಸಬೇಕು ಎಂಬುದೆಲ್ಲ ಅದರಿಂದಲೇ ನಿರ್ಧಾರವಾಗುತ್ತದೆ. ಕಾಲೇಜು ಕಚೇರಿಗಳಲ್ಲಿ ಈಗ ಸಾಮಾನ್ಯವಾಗಿರುವ, ತೊಟ್ಟಿಗೆ ಶಾಯಿ ಸುರಿಯುವ ನಾಲ್ಕು ಬಣ್ಣದ ಯಂತ್ರಗಳಲ್ಲಿ ಕೆಲವು ಇನ್ನೂ ಒಂದು ವಿಚಿತ್ರವನ್ನು ತೋರುತ್ತವೆ. ಅವುಗಳ ಕಪ್ಪು ಶಾಯಿ ಪಿಗ್ಮೆಂಟ್ ಜಾತಿಯದು, ಎಂದರೆ ಕರಗದ ಕಣಗಳಿಂದಾದುದು. ಸಾಧಾರಣ ಕಾಗದದ ಮೇಲಿನ ಅಕ್ಷರಕ್ಕೆಂದು ಇಟ್ಟುದು. ಹೊಳಪಿನ ಛಾಯಾಚಿತ್ರ ಕಾಗದವನ್ನು ಆರಿಸಿದೊಡನೆ ಯಂತ್ರ ಅದನ್ನು ಬದಿಗಿಟ್ಟು, ಕಡುಗಪ್ಪಿನವರೆಗೆ ಎಲ್ಲವನ್ನೂ ಮೂರು ಬಣ್ಣಗಳಿಂದಲೇ ಕಟ್ಟುತ್ತದೆ. ಇಂತಹ ಯಂತ್ರದಿಂದ ತಟಸ್ಥವಾದ ಬೂದನ್ನು ಪಡೆಯುವುದು ಅಸಾಧ್ಯವಲ್ಲವಾದರೂ ಕಷ್ಟಸಾಧ್ಯ; ಪ್ರಬಂಧಕ್ಕೆ ಬೇಕಾದ ಚಿತ್ರವನ್ನು ಅದರಲ್ಲಿ ಮುದ್ರಿಸದಿರುವುದೇ ಲೇಸೆಂದು ನಮ್ಮ ಅಭಿಪ್ರಾಯ. ಮೂರನೆಯ ಕಾರಣ ಬೇರೆ ತಯಾರಕರ ಶಾಯಿ. ಅದು ಅಗ್ಗವೆಂಬುದು ನಿಜ, ಕೆಲವೊಮ್ಮೆ ಒಳ್ಳೆಯದೂ ಇರಬಹುದು. ಆದರೆ ಯಂತ್ರದ ಜೊತೆಗೆ ಬಂದ ಪ್ರೊಫೈಲ್ ಅದಕ್ಕಾಗಿ ಬರೆದುದಲ್ಲ. ಅದನ್ನೇ ಬಳಸುವುದಾದರೆ ಪ್ರೊಫೈಲನ್ನೂ ಹೊಸದಾಗಿ ಮಾಡಿಸಬೇಕು. ಶಾಯಿಯಲ್ಲಿ ಉಳಿಸಿದ ಹಣವನ್ನು ಕಾಗದದಲ್ಲಿ ಕಳೆಯುವುದು ಜಾಣತನವಲ್ಲ.

ಮೂರನೆಯ ಬಗೆಯ ದೋಷ ವಿಜ್ಞಾನದ ದೃಷ್ಟಿಯಿಂದ ಎಲ್ಲಕ್ಕಿಂತ ಸ್ವಾರಸ್ಯವಾದುದು. ಪಟ್ಟಿ ದೀಪದಡಿ ನಿಷ್ಕಳಂಕವಾದ ಬೂದು. ಅದನ್ನೇ ಕಿಟಕಿಯ ಬಳಿಗೆ ಒಯ್ದರೆ ಹಸುರು. ಇಲ್ಲಿ ಅನುವಾದ ತಪ್ಪಿಲ್ಲ, ರಂಧ್ರ ಕಟ್ಟಿಲ್ಲ. ಕಣ್ಣು ಬಣ್ಣವನ್ನು ತರಂಗ ತರಂಗವಾಗಿ ಅಳೆಯುವುದಿಲ್ಲ. ಬಂದ ಬೆಳಕೆಲ್ಲವನ್ನೂ ಮೂರು ಬಗೆಯ ಶಂಕುಕೋಶಗಳ ಮೂರು ಮೊತ್ತಗಳಾಗಿ ಕೂಡಿಸಿಬಿಡುತ್ತದೆ. ಆದುದರಿಂದ ಎರಡು ಮೇಲ್ಮೈಗಳು ಬೆಳಕನ್ನು ಬೇರೆ ಬೇರೆ ರೀತಿಯಲ್ಲಿ ಪ್ರತಿಫಲಿಸುತ್ತಿದ್ದರೂ, ಒಂದು ದೀಪದ ಕೆಳಗೆ ಮೊತ್ತಗಳು ಸರಿಸಮನಾಗಿ ಅವು ಒಂದೇ ಬಣ್ಣವಾಗಿ ಕಾಣಬಹುದು. ದೀಪ ಬದಲಾದರೆ ಮೊತ್ತವೂ ಬದಲಾಗಿ ಗುಟ್ಟು ಬಯಲಾಗುತ್ತದೆ. ಈ ಸಂಗತಿಗೆ ಮೆಟಮೆರಿಸಮ್ ಎಂದು ಹೆಸರು. ಬೆಳ್ಳಿಯ ಬೂದೂ ಇಂಗಾಲದ ಬೂದೂ ಎಲ್ಲ ತರಂಗಗಳನ್ನೂ ಹೆಚ್ಚುಕಡಮೆ ಸಮನಾಗಿ ಹೀರುವುದರಿಂದ ಯಾವ ದೀಪಕ್ಕೂ ಜಗ್ಗುವುದಿಲ್ಲ. ಮೂರು ಬಣ್ಣಗಳನ್ನು ಬೆರಸಿದ ಬೂದಾದರೋ ಗುಡ್ಡ-ಕಣಿವೆಗಳಿಂದ ಕೂಡಿದ ರೋಹಿತವುಳ್ಳುದು. ಅದಕ್ಕೆ ತಟಸ್ಥತೆ ಎಂಬುದು ಒಂದು ದೀಪದೊಡನೆ ಮಾಡಿಕೊಂಡ ಒಪ್ಪಂದ ಮಾತ್ರ.

ಎಪ್ಸನ್ ಸಂಸ್ಥೆಯ ಯಂತ್ರಗಳ ಚರಿತ್ರೆಯಲ್ಲಿ ಇದಕ್ಕೆ ಪ್ರಸಿದ್ಧವಾದ ನಿದರ್ಶನವಿದೆ. ೨೦೦೦ದಲ್ಲಿ ಬಂದ ಸ್ಟೈಲಸ್ ಫೋಟೋ ೨೦೦೦ಪಿ ಎಂಬ ಯಂತ್ರ ಬಹುಕಾಲ ಬಾಳುವ ಪಿಗ್ಮೆಂಟ್ ಶಾಯಿಯನ್ನು ಛಾಯಾಗ್ರಾಹಕರ ಮೇಜಿಗೆ ತಂದಿತು. ಆದರೆ ಅದರ ಕಪ್ಪು-ಬಿಳುಪು ಚಿತ್ರಗಳು ಹಗಲು ಬೆಳಕಿನಲ್ಲಿ ಹಸುರಾಗುವುವೆಂಬ ದೂರು ಎಲ್ಲೆಡೆಯಿಂದಲೂ ಕೇಳಿಬಂತು. ಪ್ರೊಫೈಲ್ ಎಷ್ಟು ತಿದ್ದಿದರೂ ಈ ದೋಷ ಹೋಗುವಂತಿರಲಿಲ್ಲ, ಏಕೆಂದರೆ ಪ್ರೊಫೈಲ್ ಒಂದು ದೀಪಕ್ಕೆ ಮಾತ್ರ ಉತ್ತರ ಹೇಳಬಲ್ಲದು. ಪರಿಹಾರ ಬಂದುದು ಶಾಯಿಯಿಂದಲೇ. ೨೦೦೨ರ ಸ್ಟೈಲಸ್ ಫೋಟೋ ೨೨೦೦ ಯಂತ್ರದಲ್ಲಿ ತೆಳುಗಪ್ಪು ಶಾಯಿಯೊಂದನ್ನು ಸೇರಿಸಿದರು. ೨೦೦೫ರ ಆರ್ ೨೪೦೦ ಯಂತ್ರದಲ್ಲಿ ಕಪ್ಪು, ತೆಳುಗಪ್ಪು, ಅತಿ ತೆಳುಗಪ್ಪು ಎಂದು ಮೂರು ಕಪ್ಪುಗಳು ಒಟ್ಟಿಗೆ ಕೆಲಸಮಾಡಿದುವು. ತೆಳುಗಪ್ಪಿನ ಹನಿ ನಸುವಾದುದರಿಂದ ಎಳ್ಳು ಚೆಲ್ಲಿದ ಹಾಗೆ ಕಾಣುವುದಿಲ್ಲ. ಬೂದಿನ ಬಹುಭಾಗವನ್ನು ಕಪ್ಪಿನಿಂದಲೇ ಕಟ್ಟಿ, ಬಣ್ಣವನ್ನು ಒಗ್ಗರಣೆಯಷ್ಟು ಮಾತ್ರ ಬಳಸಲು ಸಾಧ್ಯವಾಯಿತು. ನುಣುಪಿಗಾಗಿ ಪಣಕ್ಕಿಟ್ಟ ತಟಸ್ಥತೆ ಹೀಗೆ ಹಿಂದಿರುಗಿ ಬಂತು.

ಈ ಮೂರು ಕಪ್ಪುಗಳ ಯಂತ್ರಗಳಲ್ಲಿ ಕಪ್ಪು-ಬಿಳುಪಿಗೆಂದೇ ಒಂದು ಪ್ರತ್ಯೇಕವಾದ ಮಾರ್ಗವನ್ನು ಡ್ರೈವರಿನಲ್ಲಿ ಇಟ್ಟಿದ್ದಾರೆ. ಎಪ್ಸನ್ನಿನವರು ಅದನ್ನು ಅಡ್ವಾನ್ಸ್‌ಡ್ ಬ್ಲ್ಯಾಕ್ ಅಂಡ್ ವೈಟ್ ಎಂದು ಕರೆಯುತ್ತಾರೆ. ಕ್ಯಾನನ್ನಿನವರ ಯಂತ್ರಗಳಲ್ಲಿಯೂ ಇಂತಹುದೊಂದಿದೆ. ಈ ಮಾರ್ಗದಲ್ಲಿ ಐ.ಸಿ.ಸಿ. ಪ್ರೊಫೈಲಿಗೆ ಕೆಲಸವಿಲ್ಲ. ತಂತ್ರಾಂಶದಲ್ಲಿ 'ಪ್ರಿಂಟರ್ ನೋಡಿಕೊಳ್ಳಲಿ' ಎಂದು ಬಿಡಬೇಕು; ಇಲ್ಲಿಯೂ ಪ್ರೊಫೈಲನ್ನು ಹೇರಿದರೆ ಮೇಲೆ ಹೇಳಿದ ಎರಡು ಉಪ್ಪಿನ ಕಥೆಯೇ. ಸಾಮಾನ್ಯವಾದ ಕಾಲೇಜಿನ ಕೆಲಸಕ್ಕೆ ಇದಕ್ಕಿಂತ ನೆಮ್ಮದಿಯ ದಾರಿಯಿಲ್ಲ. ಒಂದು ಎಚ್ಚರಿಕೆ ಅಗತ್ಯ: ಈ ಮಾರ್ಗದ ಫಲ ಪರದೆಯ ಚಿತ್ರಕ್ಕಿಂತ ಹಲವೊಮ್ಮೆ ಗಾಢವಾಗಿರುತ್ತದೆ, ಛಾಯೆಯ ಗಾಢತೆಯನ್ನು ನಿರ್ಧರಿಸುವ ಆಯ್ಕೆಯನ್ನು ಪಟ್ಟಿಯ ಮೇಲೆ ಒಂದೆರಡು ಬಾರಿ ಪರೀಕ್ಷಿಸಿ ಗೊತ್ತುಮಾಡಿಕೊಳ್ಳಬೇಕು. ಇನ್ನೂ ಮುಂದೆ ಹೋಗುವವರಿಗೆ ಜಾನ್ ಕೋನ್ ಅವರ ಪೀಜೋಗ್ರಫಿ ಇದೆ. ಅದರಲ್ಲಿ ಯಂತ್ರದ ಬಣ್ಣದ ಶಾಯಿಗಳನ್ನೇ ತೆಗೆದು ಆ ಸ್ಥಾನಗಳಲ್ಲಿ ಬೇರೆ ಬೇರೆ ತೆಳುವಿನ ಬೂದು ಶಾಯಿಗಳನ್ನು ತುಂಬುತ್ತಾರೆ. ರಾಯ್ ಹ್ಯಾರಿಂಗ್ಟನ್ ಅವರ ಕ್ವಾಡ್‌ಟೋನ್ ರಿಪ್ ಎಂಬ ತಂತ್ರಾಂಶ ತಯಾರಕರ ಡ್ರೈವರನ್ನು ಬದಿಗೆ ಸರಿಸಿ, ಪ್ರತಿಯೊಂದು ಶಾಯಿಯೂ ಎಲ್ಲಿ ಎಷ್ಟು ಬೀಳಬೇಕೆಂಬುದನ್ನು ಮುದ್ರಕನ ಕೈಗೇ ಕೊಡುತ್ತದೆ. ಇವು ತಪಸ್ಸಿನ ಮಾರ್ಗಗಳು. ಹಾಸ್ಟೆಲಿನ ವಿದ್ಯಾರ್ಥಿಗೆ ಶಿಫಾರಸು ಮಾಡತಕ್ಕವಲ್ಲ.

ಬೆಳಕಿಗೆ ಸಂಬಂಧಿಸಿದ ಇನ್ನೊಂದು ಸೂಕ್ಷ್ಮವೂ ಉಂಟು. ಅತಿ ಬಿಳುಪಾಗಿ ಕಾಣುವ ಅನೇಕ ಕಾಗದಗಳಿಗೆ ಬಟ್ಟೆಗೆ ನೀಲಿ ಹಾಕಿದಂತೆ ಹೊಳಪುಕಾರಕ ದ್ರವ್ಯಗಳನ್ನು ಸೇರಿಸಿರುತ್ತಾರೆ. ಅವು ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನು ಹೀರಿ ನೀಲಿಯ ಬೆಳಕಾಗಿ ಹೊರಸೂಸುತ್ತವೆ. ಕಿಟಕಿಯ ಬಳಿ ಕಾಗದ ನೀಲಿಬಿಳುಪು. ನೇರಳಾತೀತ ಕಿರಣಗಳು ಇಲ್ಲವೆಂಬಷ್ಟು ಕಡಮೆಯಿರುವ ಸಾಧಾರಣ ಎಲ್.ಇ.ಡಿ. ದೀಪದಡಿ ಹಳದಿಬಿಳುಪು. ಪಟ್ಟಿಯ ತಿಳಿಯಾದ ಮನೆಗಳು ಮಾತ್ರ ದೀಪಕ್ಕೆ ತಕ್ಕಂತೆ ಬದಲಾಗಿ, ಗಾಢವಾದ ಮನೆಗಳು ಸ್ಥಿರವಾಗಿದ್ದರೆ ಅಪರಾಧಿ ಶಾಯಿಯಲ್ಲ, ಕಾಗದ.

ಬಿಳಿಯ ಮನೆಯ ವಿಷಯ ಬಂದುದರಿಂದ ಇನ್ನೊಂದು ಲಕ್ಷಣವನ್ನು ಇಲ್ಲಿಯೇ ಹೇಳಬಹುದು. ಮೊದಲನೆಯ ಮನೆ ಸುತ್ತಲಿನ ಅಂಚಿನಷ್ಟು ಬಿಳುಪಾಗಿರದೆ ತೆಳುವಾದ ಮುಸುಕು ಹೊದ್ದಂತೆ ಕಂಡರೆ, ಅನುವಾದದ ಉದ್ದೇಶವನ್ನು ಆರಿಸುವಲ್ಲಿ 'ನಿರಪೇಕ್ಷ' ಎಂಬ ಆಯ್ಕೆ ಬಿದ್ದಿರುವ ಸಂಭವ ಹೆಚ್ಚು. ಮೂಲದ ಬಿಳುಪನ್ನೂ ಈ ಕಾಗದದ ಮೇಲೆ ಅನುಕರಿಸಲು ಯಂತ್ರ ಹೊರಟಿದೆ. 'ಸಾಪೇಕ್ಷ'ವನ್ನು ಆರಿಸಿದರೆ ಮುಸುಕು ಹೋಗುತ್ತದೆ.

ಕೆಲವು ದೋಷಗಳಲ್ಲಿ ಬಣ್ಣದ ಸುಳಿವೇ ಇರುವುದಿಲ್ಲ. ಹೊಳಪು ಮಾತ್ರ ತಪ್ಪಿರುತ್ತದೆ. ಬೂದುಚಿತ್ರದ ಸಂಖ್ಯೆಗೂ ಪ್ರೊಫೈಲ್ ಬೇಕೆಂಬುದನ್ನು ಮರೆತಾಗ ಹೀಗಾಗುತ್ತದೆ. ಅರ್ಧಬೂದಿನ ಸಂಖ್ಯೆಯನ್ನು ಗ್ಯಾಮ ೨.೨ ಎಂದು ಓದಿದರೆ ಅದು ಬಿಳುಪಿನ ಬೆಳಕಿನಲ್ಲಿ ನೂರಕ್ಕೆ ೨೨ ಭಾಗ, ೧.೮ ಎಂದು ಓದಿದರೆ ೨೯ ಭಾಗ. ಸಂಖ್ಯೆ ಒಂದೇ, ಮುಖದ ಬಣ್ಣ ಬೇರೆ. ಬೂದುಚಿತ್ರವನ್ನು ಉಳಿಸುವಾಗ ಅದರ ಪ್ರೊಫೈಲನ್ನು ಜೊತೆಗೇ ಸೇರಿಸಿ ಉಳಿಸುವುದು ಇದಕ್ಕೆ ಮದ್ದು. ಗಾಢವಾದ ನಾಲ್ಕೈದು ಮನೆಗಳು ಕೂಡಿ ಒಂದೇ ಕಪ್ಪಾಗಿದ್ದರೆ ಕಾಗದದ ಶಕ್ತಿಯನ್ನೂ ನೆನೆಯಬೇಕು. ಹೊಳಪಿನ ಕಾಗದದಲ್ಲಿ ಕಪ್ಪಿನ ಎಲ್ ಅಂಕ ೫ರ ಆಸುಪಾಸಿಗೆ ಇಳಿಯಬಲ್ಲದು. ಮ್ಯಾಟ್ ಕಾಗದದಲ್ಲಿ ಒಳ್ಳೆಯ ಕಪ್ಪೂ ೧೬ರ ಸುಮಾರಿನಲ್ಲಿ ನಿಂತುಬಿಡುತ್ತದೆ. ಮ್ಯಾಟ್ ಕಾಗದಕ್ಕೆ ಅದರದೇ ಕಪ್ಪು ಶಾಯಿಯಿದೆ. ಹೊಳಪಿನ ಕಾಗದದ ಕಪ್ಪನ್ನು ಅದರ ಮೇಲೆ ಬಳಸಿದರೆ ನೆರಳುಗಳು ಬೂದಿ ಎರಚಿದಂತೆ ಮಂಕಾಗುತ್ತವೆ.

ಪಟ್ಟಿಯಲ್ಲಿ ಯಾವ ದೋಷವೂ ಇಲ್ಲದೆ ಚಿತ್ರ ಮಾತ್ರ ಪರದೆಯಂತೆ ಬರಲಿಲ್ಲವೆನ್ನುವವರೂ ಉಂಟು. ಆಗ ವಿಚಾರಣೆಗೆ ಒಳಪಡಬೇಕಾದುದು ಪರದೆ. ಅಂಗಡಿಯಿಂದ ಬಂದ ಸ್ಥಿತಿಯಲ್ಲಿ ಬಹುಪಾಲು ಪರದೆಗಳು ಅತಿಯಾಗಿ ಪ್ರಕಾಶಿಸುತ್ತವೆ, ನೀಲಿಯ ಕಡೆಗೂ ವಾಲಿರುತ್ತವೆ. ಅದನ್ನು ನೋಡಿ ಬಂದ ಕಣ್ಣಿಗೆ ಸರಿಯಾದ ಮುದ್ರಣವೂ ಕಪ್ಪಾಗಿ, ಹಳದಿಯಾಗಿ ತೋರುತ್ತದೆ. ಇಲ್ಲವೇ ಚಿತ್ರದಲ್ಲಿಯೇ ಬಣ್ಣ ಉಳಿದಿರಬಹುದು: ಬೂದೆಂದು ಕಾಣುವ ಜಾಗದಲ್ಲಿ ಮೂರು ಸಂಖ್ಯೆಗಳನ್ನು ಓದಿ ನೋಡಿದರೆ ಅವು ಸಮನಾಗಿವೆಯೇ ಇಲ್ಲವೇ ತಿಳಿಯುತ್ತದೆ.

ಹಳೆಯ ಚಿತ್ರಗಳ ಪ್ರತಿಯ ವಿಷಯದಲ್ಲಿ ಮಾತ್ರ ಮೇಲಿನ ಸಲಹೆಯನ್ನು ತಿರುಗಿಸಿ ಹೇಳಬೇಕಾಗಿದೆ. ಆಲ್ಬ್ಯುಮೆನ್ ಚಿತ್ರವೊಂದನ್ನು ಬೂದಾಗಿ ಸ್ಕ್ಯಾನ್ ಮಾಡಿ, ಕಪ್ಪು-ಬಿಳುಪಿನ ಮಾರ್ಗದಲ್ಲಿ ತಟಸ್ಥವಾಗಿ ಮುದ್ರಿಸಿದರೆ ತಾಂತ್ರಿಕವಾಗಿ ದೋಷವಿಲ್ಲದ ಹಾಳೆ ಸಿಕ್ಕುತ್ತದೆ, ಚಿತ್ರದ ವಯಸ್ಸು ಹೇಳುತ್ತಿದ್ದ ಛಾಯೆ ಹೊರಟುಹೋಗುತ್ತದೆ. ಅಂತಹುದನ್ನು ಬಣ್ಣದಲ್ಲಿಯೇ ಸ್ಕ್ಯಾನ್ ಮಾಡಿ, ಆ ಕಾಗದಕ್ಕೆಂದೇ ಮಾಡಿಸಿದ ಪ್ರೊಫೈಲಿನೊಡನೆ ಬಣ್ಣದ ಚಿತ್ರವಾಗಿಯೇ ಮುದ್ರಿಸತಕ್ಕದ್ದು. ಜೊತೆಗೆ ಬೂದುಪಟ್ಟಿಯನ್ನು ಹಾಳೆಯ ಅಂಚಿನಲ್ಲಿ ಚಿಕ್ಕದಾಗಿ ಅಚ್ಚುಮಾಡಿದರೆ, ಪಟ್ಟಿ ಬೂದಾಗಿಯೇ ಇದ್ದು ಚಿತ್ರ ಮಾತ್ರ ಕಂದಾಗಿರುವಲ್ಲಿ ಆ ಕಂದು ಮೂಲದ್ದೆಂದು ನೋಡುವವರಿಗೆ ಭರವಸೆ ದೊರೆಯುತ್ತದೆ. ಅದೇ ಅಂಚಿನಲ್ಲಿ ದಿನಾಂಕ, ಕಾಗದದ ಹೆಸರು, ಶಾಯಿ, ಆರಿಸಿದ ಮಾರ್ಗ ಇವನ್ನೂ ಚಿತ್ರದ ಜೊತೆಗೇ ಮುದ್ರಿಸಿಬಿಡುವುದು ಒಳ್ಳೆಯದು. ಪ್ಲಾಸ್ಟಿಕ್ ಲೇಪವಿರುವ ಕಾಗದದ ಬೆನ್ನಿಗೆ ಪೆನ್ಸಿಲು ಹಿಡಿಯುವುದಿಲ್ಲ.